ಅಟ್ಟದ ಮೇಲಿದ್ದ ಹುರಿಯೋ ಡಬ್ಬ, ಒಂದು ವೈಪರ್ ಮೋಟರ್, 24 ಹುರಿ ಕಾಫಿ

ಸಕಲೇಶಪುರದ ಹತ್ತಿರ ಇರುವ ಅಜ್ಜಿ ಮನೆಯ ಅಟ್ಟದಲ್ಲಿ ಈ ಡಬ್ಬ ಎಷ್ಟೋ ವರ್ಷದಿಂದ ಬಿದ್ದಿತ್ತು. ದೀಪಾವಳಿಗೆ ಹೋದಾಗ ಮಾವನನ್ನು ಕೇಳಿ ಇಳಿಸಿಕೊಂಡು ಹಾಸನಕ್ಕೆ ತಂದೆ. ಕಬ್ಬಿಣದ ತಗಡಿನ ಉರುಳೆ ಅದು. 24 ಸೆಂಟಿಮೀಟರ್ ಉದ್ದ, 16 ಅಗಲ, ನಡುವೆ ಒಂದು ಸರಳು, ಸರಳಿನ ತುದಿಗೆ ಮರದ ಹಿಡಿ, ಹೊಟ್ಟೆಯ ಮೇಲೆ ಜಾರಿಸಿ ತೆಗೆಯೋ ಪುಟ್ಟ ಬಾಗಿಲು. ಕೆಳಗೆ ಇದ್ದಿಲು ಹಾಕೋ ಪೆಟ್ಟಿಗೆ. ಅಜ್ಜಿ ಹಿತ್ತಲಲ್ಲಿ ಇದನ್ನು ತಿರುಗಿಸುತ್ತಾ ಕೂತರೆ ವಾಸನೆ ಗೇಟಿನ ತನಕ ಬರುತ್ತಿತ್ತು. ಸ್ಕೂಲಿಂದ ಬರುವಾಗ ಅಲ್ಲೇ ಗೊತ್ತಾಗುತ್ತಿತ್ತು, ಇವತ್ತು ಕಾಫಿ ಹುರಿದಿದ್ದಾರೆ ಅಂತ.

ಆ ಕಾಫಿ ನನಗೆ ಮತ್ತೆ ಬೇಕಿತ್ತು. ಅಂಗಡಿ ಪುಡಿ ತಂದು, ಹಸಿ ಬೀಜ ತಂದು ಬಾಣಲೆಯಲ್ಲಿ ಹುರಿದು, ಎಲ್ಲ ಮಾಡಿ ನೋಡಿದ್ದೆ. ಬಾಣಲೆಯಲ್ಲಿ ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಹಳದಿ. ಡಬ್ಬ ರಿಪೇರಿ ಆದರೆ ರುಚಿ ತಾನಾಗೇ ಬರುತ್ತದೆ ಅಂತ ನಂಬಿದ್ದೆ. ಹಾಗಾಗಲಿಲ್ಲ. ಡಬ್ಬ ಸರಿಹೋದ ಮೇಲೆ ಅದು ಬೇರೆ ಬೇರೆ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು: ಕೊಯ್ಲಿನದು, ಒಣಗಿಸಿದ್ದರದು, ಪುಡಿ ಮಾಡಿದ್ದರದು, ಕೊನೆಗೆ ಫಿಲ್ಟರಿನ ತೂತಿನದು. ಹುರಿಯೋದು ಹದವಾದಷ್ಟೂ ಬೀಜದ ಗುಣ ದೋಷ ಎರಡೂ ಲೋಟದಲ್ಲಿ ಬಯಲಾಗುತ್ತವೆ. ನಾಲ್ಕೂವರೆ ತಿಂಗಳ ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಇಂಥದ್ದು ಮಾಡಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಲಿ.

ಡಬ್ಬ ಬಿಚ್ಚಿದ್ದು

ಮೊದಲು ತುಕ್ಕು. ಒಳಗೆ ಕಪ್ಪು ಎಣ್ಣೆಜಿಡ್ಡಿನ ಪದರ, ಅದರ ಕೆಳಗೆ ಅಲ್ಲಲ್ಲಿ ತುಕ್ಕು. ಹೊರಗೆ ಯಾರೋ ಬೆಳ್ಳಿ ಬಣ್ಣದ ಪೇಂಟ್ ಹೊಡೆದಿದ್ದರು. ಬೆಂಕಿಯ ಮೇಲೆ ಇಡೋ ವಸ್ತುವಿಗೆ ಪೇಂಟ್ ಇರಬಾರದು. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಎರಡು ದಿನ ಕೂತು ಪೇಂಟ್ ಕೆರೆದೆ. ಒಳಗೆ ಹುಣಸೆಹಣ್ಣಿನ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ತಿಕ್ಕಿ, ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿದೆ. ತಡ ಮಾಡಿದರೆ ಅರ್ಧ ಗಂಟೆಯಲ್ಲಿ ಮತ್ತೆ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ.

ಸರಳು ಸವೆದು ಡಬ್ಬ ತಿರುಗುವಾಗ ಓಲಾಡುತ್ತಿತ್ತು. ಲೇತ್ ಅಂಗಡಿಯವರು ನೋಡಿ, "ಅಕ್ಕ, ಈ ಸರಳು ಬೇಡ, ಎರಡು ತುದಿಗೂ ಬೇರೆ ಬೇರೆ ಹಾಕಿಕೊಡ್ತೀನಿ" ಅಂದರು. ಅದೇ ಒಳ್ಳೆಯದಾಯಿತು. ಒಂದು ತುದಿಗೆ 12 ಮಿಲಿಮೀಟರ್ ಗಟ್ಟಿ ಸರಳು, ಅದು ಮೋಟರಿಗೆ. ಇನ್ನೊಂದು ತುದಿಗೆ ಅರ್ಧ ಇಂಚಿನ ಪೈಪ್. ಟೊಳ್ಳು ಇರೋದರಿಂದ ಅದರೊಳಗಿನಿಂದ ಶಾಖ ಅಳೆಯೋ ಕಡ್ಡಿ ತೂರಿಸಬಹುದು. ಎರಡಕ್ಕೂ ಗನ್‌ಮೆಟಲ್ ಬುಷ್, ಅಂದರೆ ಸರಳು ಅಲುಗಾಡದೆ ತಿರುಗೋಕೆ ಹಾಕೋ ಲೋಹದ ಬಳೆ. ಬುಷ್‌ಗೆ ಗ್ರೀಸ್ ಹಾಕಲಿಲ್ಲ, ಬಿಸಿಗೆ ಕರಗಿ ಸುಟ್ಟ ವಾಸನೆ ಬರುತ್ತದೆ. ಗ್ರಾಫೈಟ್ ಪುಡಿ ಸಾಕು.

ಮೋಟರಿನ ವಿಷಯ. ಮೊದಲು ಆನ್‌ಲೈನಿನಲ್ಲಿ ಒಂದು ಸಣ್ಣ ಗೇರ್ ಮೋಟರ್ ತರಿಸಿದೆ, ಎರಡನೇ ಹುರಿಗೇ (ಒಂದು ಸಲ ಹುರಿದರೆ ಒಂದು ಹುರಿ ಅಂತ ನನ್ನ ಲೆಕ್ಕ) ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯಿತು. ಆಮೇಲೆ ಗುಜರಿಯಿಂದ ಹಳೇ ಕಾರಿನ ವೈಪರ್ ಮೋಟರ್ ತಂದೆ. ಮಳೆಗಾಲ ಪೂರ್ತಿ ಗಾಜು ಒರೆಸೋ ಮೋಟರು, ಅರ್ಧ ಕೆಜಿ ಬೀಜ ಅದಕ್ಕೆ ಏನೂ ಅಲ್ಲ. 12 ವೋಲ್ಟಿನ 10 ಆಂಪ್ ಸಪ್ಲೈ, ಜೊತೆಗೆ ಸ್ಪೀಡ್ ಕಂಟ್ರೋಲರ್. ಸರಳಿನ ಬಿಸಿ ಮೋಟರಿಗೆ ಹರಿಯದ ಹಾಗೆ ನಡುವೆ ಬಿಸಿ ತಡೆಯೋ ಗಟ್ಟಿ ಪ್ಲಾಸ್ಟಿಕ್ಕಿನ, ಅಂದರೆ ಬೇಕಲೈಟಿನ, ತುಂಡು ಕೂರಿಸಿದೆ. ಮರದ ಹಿಡಿಯನ್ನು ಬಿಸಾಡಲಿಲ್ಲ. ಒಂದು ಪಿನ್ ಎಳೆದರೆ ಮೋಟರ್ ಬಿಟ್ಟುಕೊಳ್ಳುತ್ತದೆ, ಅದೇ ಜಾಗಕ್ಕೆ ಹಿಡಿ ಕೂರುತ್ತದೆ. ನಮ್ಮ ಕಡೆ ಕರೆಂಟ್ ನಂಬೋ ಹಾಗಿಲ್ಲವಲ್ಲ.

ಇದ್ದಿಲಿನ ಬದಲು ಗ್ಯಾಸ್. ಗುಂಡು ಬರ್ನರ್ ಹಾಕಿದರೆ ನಡು ಮಾತ್ರ ಕಾಯುತ್ತದೆ, ಎರಡು ಅಂಚು ತಣ್ಣಗೆ ಇರುತ್ತವೆ. ಹೋಟೆಲಿನ ದೋಸೆ ಕಲ್ಲಿನ ಕೆಳಗೆ ಇರುತ್ತದಲ್ಲ ಉದ್ದ ಬರ್ನರ್, ಅದರದೇ ಸಣ್ಣದು ಸಿಕ್ಕಿತು, 9 ಇಂಚಿನದು. ಡಬ್ಬದ ಉದ್ದಕ್ಕೆ ಸರಿಯಾಗಿ ಕೂತಿತು.

ಮೊದಲ ಹುರಿ ಕುಡಿಯಲಿಕ್ಕಲ್ಲ

ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ಮೊದಲ ಹುರಿಗೆ ಹಳೇ ರೊಬಸ್ಟಾ ಬೀಜ ಕಾಲು ಕೆಜಿ ಹಾಕಿ ಪೂರ್ತಿ ಕಪ್ಪಾಗೋ ತನಕ ಹುರಿದು ಬಿಸಾಡಿದೆ. ಒಳಗೆ ಉಳಿದ ಹುಣಸೆ ವಾಸನೆ, ಲೋಹದ ವಾಸನೆ ಎಲ್ಲ ಅದರ ಜೊತೆ ಹೋಗಲಿ ಅಂತ. ಡಬ್ಬದ ಒಳಮೈಗೆ ಬೀಜದ ಎಣ್ಣೆಯ ತೆಳು ಲೇಪವೂ ಆಯಿತು.

ಎರಡನೇ ಹುರಿ ಮಾವ ಕೊಟ್ಟ ಹಿಂದಿನ ವರ್ಷದ ಅರೇಬಿಕಾ, 500 ಗ್ರಾಂ. ಹೊರಗೆ ಚೆನ್ನಾಗಿ ಕಂದು ಬಣ್ಣ ಬಂತು. ಆದರೆ ಬೀಜ ಕೈಯಲ್ಲಿ ಹಿಡಿದು ನೋಡಿದರೆ ಚಪ್ಪಟೆ ಮಗ್ಗುಲಿನಲ್ಲಿ ಗುಂಡುಸೂಜಿ ತಲೆಯಷ್ಟು ಕಪ್ಪು ಚುಕ್ಕಿ. ಹಲ್ಲಿನಲ್ಲಿ ಕಡಿದು ಎರಡು ಮಾಡಿದೆ, ಒಳಗೆ ಹುಲ್ಲಿನ ಬಣ್ಣ. ಕಾಫಿ ಮಾಡಿದರೆ ಬೂದಿ ರುಚಿ ಒಂದು ಕಡೆ, ಹಸಿ ಬಟಾಣಿ ರುಚಿ ಇನ್ನೊಂದು ಕಡೆ, ಒಂದೇ ಗುಟುಕಿನಲ್ಲಿ.

ಕಾರಣ ಬಾಗಿಲಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು. ಒಳಗೋಡೆಗೆ ಹಿಂದೆ ಮೂರು ಪಟ್ಟಿ ಇದ್ದವು, ಅವುಗಳ ರಿವಿಟ್ ತೂತು ಮಾತ್ರ ಉಳಿದಿದ್ದವು, ಪಟ್ಟಿ ಎಂದೋ ಉದುರಿಹೋಗಿವೆ. ಪಟ್ಟಿ ಇಲ್ಲದಿದ್ದರೆ ಡಬ್ಬ ತಿರುಗುತ್ತದೆ, ಬೀಜ ತಿರುಗಲ್ಲ. ಕೆಳಗೇ ಜಾರಿಕೊಂಡು ಒಂದೇ ಮಗ್ಗುಲಲ್ಲಿ ಕಾದ ತಗಡಿಗೆ ಅಂಟಿ ಕೂತಿರುತ್ತದೆ. ವೆಲ್ಡಿಂಗ್ ಅಂಗಡಿಯವರು ಜಿಐ ತಗಡು ಹಾಕೋಣ ಅಂದರು, ಬೇಡ ಅಂದೆ. ಅದರ ಮೇಲೆ ಸತುವಿನ ಲೇಪ ಇರುತ್ತದೆ, ವೆಲ್ಡ್ ಮಾಡುವಾಗ ಬರುವ ಹೊಗೆ ಕೆಟ್ಟದ್ದು, ತಿನ್ನೋ ಪದಾರ್ಥದ ಜೊತೆಗೂ ಅದು ಬೇಡ. 304 ಅನ್ನೋ ಸ್ಟೇನ್‌ಲೆಸ್ ಸ್ಟೀಲಿನ 12 ಮಿಲಿಮೀಟರ್ ಎತ್ತರದ ಮೂರು ಪಟ್ಟಿ ಕತ್ತರಿಸಿ, ಸ್ವಲ್ಪ ಓರೆಯಾಗಿ ರಿವಿಟ್ ಹೊಡೆಸಿದೆ. ಓರೆ ಇದ್ದರೆ ಬೀಜ ಮೇಲಿಂದ ಬೀಳೋದರ ಜೊತೆಗೆ ಆ ಕಡೆಯಿಂದ ಈ ಕಡೆಗೂ ಸರಿಯುತ್ತದೆ. ಸ್ಪೀಡು ನಿಮಿಷಕ್ಕೆ 50 ಸುತ್ತು. ಜಾಸ್ತಿ ಮಾಡಿದರೆ ಬೀಜ ಗೋಡೆಗೇ ಅಂಟಿಕೊಂಡು ಸುತ್ತುತ್ತದೆ, ಕಮ್ಮಿ ಮಾಡಿದರೆ ಮತ್ತೆ ಜಾರಾಟ. ಬಾಗಿಲಿಗೆ ಕಿವಿ ಕೊಟ್ಟರೆ ಸಮನಾಗಿ ಮಳೆ ಬಿದ್ದ ಹಾಗೆ ಸದ್ದು ಬರಬೇಕು.

ಶಾಖ ಅಳೆಯೋ ಕಡ್ಡಿಯನ್ನು ಪೈಪಿನೊಳಗಿಂದ ತೂರಿಸಿ ಕೆಳಕ್ಕೆ ಬಗ್ಗಿಸಿದೆ, ತುದಿ ಬೀಜದ ರಾಶಿಯೊಳಗೆ ಮುಳುಗಿರಬೇಕು. ಇಲ್ಲಿ ಒಂದು ಎಚ್ಚರಿಕೆ. ತುದಿ ಗೋಡೆಯಿಂದ 20 ಮಿಲಿಮೀಟರ್ ಆದರೂ ಮೇಲಿರಲಿ. ನಾನು 10ಕ್ಕೆ ಇಟ್ಟಿದ್ದೆ, ಪಟ್ಟಿ ಬಂದು ಟಕ್ ಟಕ್ ಅಂತ ಹೊಡೆದು ಕಡ್ಡಿ ಸೊಟ್ಟಗಾಯಿತು, ಇನ್ನೊಂದು ತರಬೇಕಾಯಿತು. ಮೀಟರ್ ಸರಿ ಇದೆಯಾ ಅಂತ ಕುದಿಯೋ ನೀರಲ್ಲಿ ಅದ್ದಿ ನೋಡಿದೆ, 97 ತೋರಿಸಿತು. ಮೂರು ಡಿಗ್ರಿ ಕಮ್ಮಿ ಇದೆ ಅಂತ ವಾಪಸ್ ಕಳಿಸಲು ಹೊರಟಿದ್ದೆ. ಆದರೆ ಹಾಸನ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 970 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದೇ 97 ಡಿಗ್ರಿಗೆ. ಮೀಟರ್ ಸರಿಯಾಗಿಯೇ ಇತ್ತು.

ಹನ್ನೆರಡೂ ಮುಕ್ಕಾಲು ನಿಮಿಷ

ಮೂರನೇ ಹುರಿ ಸುಡಬಾರದು ಅಂತ ಹೆದರಿ ಸಣ್ಣ ಉರಿಯಲ್ಲಿ ಇಟ್ಟೆ. 24 ನಿಮಿಷ ಹಿಡಿಯಿತು. ಬಣ್ಣ ಬಹಳ ಚೆಂದ, ಒಂದೂ ಚುಕ್ಕಿ ಇಲ್ಲ, ಎಲ್ಲ ಬೀಜ ಒಂದೇ ಸಮ. ಕುಡಿದರೆ ಬ್ರೆಡ್ಡಿನ ಅಂಚು ತಿಂದ ಹಾಗೆ, ಸಪ್ಪೆ. ಹುಳಿಯೂ ಇಲ್ಲ, ಸಿಹಿಯೂ ಇಲ್ಲ. ಸುಟ್ಟ ಕಾಫಿಗಿಂತ ಇದೇ ನನ್ನನ್ನು ಜಾಸ್ತಿ ಕಾಡಿತು, ಯಾಕಂದ್ರೆ ಕಣ್ಣಿಗೆ ಎಲ್ಲ ಸರಿಯಾಗಿತ್ತು.

ಆಗ ಕೂತು ಓದಿದೆ, ಬೀಜದೊಳಗೆ ಏನಾಗುತ್ತದೆ ಅಂತ. ಹಸಿ ಬೀಜಕ್ಕೆ ಕಾಫಿ ವಾಸನೆ ಇರೋದೇ ಇಲ್ಲ, ಮೂಸಿದರೆ ಒಣಹುಲ್ಲು, ಬಟಾಣಿ. ಅದರೊಳಗೆ ಇರೋದು ಸಕ್ಕರೆ, ಪ್ರೋಟೀನು, ಎಣ್ಣೆ, ಹಲವು ಥರದ ಆಮ್ಲ, ಜೊತೆಗೆ ನೂರಕ್ಕೆ ಹತ್ತು ಹನ್ನೊಂದು ಭಾಗ ನೀರು. ಮೊದಲು ನೀರು ಹೋಗುತ್ತದೆ, ಬೀಜ ಹಳದಿಯಾಗುತ್ತದೆ. 150 ಡಿಗ್ರಿ ಆಸುಪಾಸಿನಿಂದ ಸಕ್ಕರೆ ಮತ್ತು ಅಮೈನೋ ಆಮ್ಲ ಸೇರಿ ಕಂದು ಬಣ್ಣ, ಸುವಾಸನೆ ಹುಟ್ಟಲು ಶುರು. ಮೈಲಾರ್ಡ್ ಕ್ರಿಯೆ ಅನ್ನೋದು ಇದನ್ನೇ. ದೋಸೆ ಕೆಂಪಗಾಗೋದು, ರೊಟ್ಟಿಯ ಮೇಲೆ ಚುಕ್ಕಿ ಬೀಳೋದು ಎಲ್ಲ ಇದರಿಂದಲೇ. ಇನ್ನೂ ಮೇಲೆ ಹೋದರೆ ಸಕ್ಕರೆ ತಾನೇ ಪಾಕವಾಗಿ ಕಂದಾಗುತ್ತದೆ. ಒಳಗಿನ ಹಬೆ, ಇಂಗಾಲದ ಡೈಆಕ್ಸೈಡ್ ಒತ್ತಡ ತಡೆಯಲಾಗದೆ ಬೀಜ ಚಟ್ ಅಂತ ಸಿಡಿಯುತ್ತದೆ, ಅದು ಮೊದಲ ಸಿಡಿತ. ಹುರಿದ ಕಾಫಿಯಲ್ಲಿ 800ಕ್ಕೂ ಹೆಚ್ಚು ಬಗೆಯ ಪರಿಮಳದ ಅಂಶಗಳನ್ನು ಗುರುತಿಸಿದ್ದಾರೆ. ಅದರಲ್ಲಿ ಫರ್ಫ್ಯೂರಿಲ್‌ಥಯಾಲ್ ಅಂತ ಒಂದು, ಗಂಧಕ ಸೇರಿದ್ದು. ಕಾಫಿ ಅಂದಕೂಡಲೇ ಮೂಗಿಗೆ ಬರೋ ಆ ಹುರಿದ ಘಮದಲ್ಲಿ ಅದರ ಪಾಲು ದೊಡ್ಡದು. ಇದು ಹಸಿ ಬೀಜದಲ್ಲಿ ಇರಲ್ಲ, ಹುರಿಯುವಾಗಲೇ ಹುಟ್ಟುತ್ತದೆ.

ಹಾಗಾದರೆ ಸಮಯ ಯಾಕೆ ಮುಖ್ಯ? ನಿಧಾನ ಮಾಡಿದರೆ ಹುಟ್ಟಿದ ಪರಿಮಳ ಹುಟ್ಟುತ್ತಿದ್ದ ಹಾಗೇ ಹಾರಿಹೋಗುತ್ತದೆ, ಒಳ್ಳೆಯ ಹುಳಿಯೂ ಕರಗಿಹೋಗುತ್ತದೆ. ಅವಸರ ಮಾಡಿದರೆ ಹೊರಗೆ ಬೆಂದು ಒಳಗೆ ಹಸಿ. ನನ್ನ ಡಬ್ಬಕ್ಕೆ ಹೊಂದಿದ ಲೆಕ್ಕ ಆರನೇ ಹುರಿಗೆ ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಇರೋ ಹಾಗೇ ಹಾಕುತ್ತೇನೆ: ಡಬ್ಬ ಖಾಲಿಯಾಗಿ 180ಕ್ಕೆ ಕಾಯಿಸಿ ಬೀಜ 500 ಗ್ರಾಂ. ಒಂದೂವರೆ ನಿಮಿಷಕ್ಕೆ ಮೀಟರ್ 90ಕ್ಕೆ ಇಳಿದು ಮತ್ತೆ ಏರಲು ಶುರು. 5 ನಿಮಿಷ 30 ಸೆಕೆಂಡಿಗೆ 150, ಬೀಜ ಹಳದಿ, ಭತ್ತ ಬೇಯಿಸಿದ ವಾಸನೆ. ಉರಿ ಸ್ವಲ್ಪ ತಗ್ಗಿಸಿದೆ. 10 ನಿಮಿಷ 40ಕ್ಕೆ 196, ಮೊದಲ ಸಿಡಿತ. ಉರಿ ಇನ್ನೂ ತಗ್ಗಿಸಿದೆ. 12 ನಿಮಿಷ 45ಕ್ಕೆ 212, ಇಳಿಸಿದ್ದು. ತೂಕ 424 ಗ್ರಾಂ, ಅಂದರೆ ನೂರಕ್ಕೆ 15ರಷ್ಟು ಇಳಿಕೆ. ನಿಮ್ಮ ಕಡ್ಡಿ ದಪ್ಪ ಇದ್ದರೆ, ಬೇರೆ ಜಾಗದಲ್ಲಿ ಕೂತಿದ್ದರೆ ಈ ಅಂಕಿಗಳು ಐದಾರು ಡಿಗ್ರಿ ಆಚೀಚೆ ಆಗುತ್ತವೆ. ಅದಕ್ಕೇ ಸಿಡಿತದ ಸದ್ದನ್ನು ಕಿವಿಯಿಂದ ಹಿಡಿಯೋದು ಕಲಿಯಿರಿ.

ಇಳಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಬೇಯುತ್ತಿರುತ್ತದೆ, ನಾಲ್ಕು ನಿಮಿಷದೊಳಗೆ ಕೈಗೆ ತಣ್ಣಗೆ ತಾಗಬೇಕು. ಇದಕ್ಕೆ ಕಂಪ್ಯೂಟರ್ ಫ್ಯಾನು, ಜರಡಿ ಎಲ್ಲ ಸೇರಿಸಿ ಒಂದು ಪೆಟ್ಟಿಗೆ ಮಾಡೋಕೆ ಹೊರಟಿದ್ದೆ. ಅಮ್ಮ ಸುಮ್ನೆ ಮೊರ ತಂದು ಕೈಗೆ ಕೊಟ್ಟರು. ಟೇಬಲ್ ಫ್ಯಾನಿನ ಮುಂದೆ ನಿಂತು ಮೊರದಲ್ಲಿ ಕೇರಿದರೆ ಬೀಜವೂ ಆರುತ್ತದೆ, ಸುಟ್ಟ ತೆಳು ಹೊಟ್ಟೂ ಹಾರಿಹೋಗುತ್ತದೆ. ಆ ಪೆಟ್ಟಿಗೆ ಕೆಲಸ ಅಲ್ಲಿಗೇ ಬಿಟ್ಟೆ. ಹೊಟ್ಟಿನ ಬಗ್ಗೆ ಒಂದು ಮಾತು: ಅದು ಬರ್ನರಿನ ಮೇಲೆ ಬಿದ್ದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಮನೆಯೊಳಗೆ ಹುರಿಯಬೇಡಿ, ಬಿಟ್ಟು ಹೋಗಲೇಬೇಡಿ.

ಡಬ್ಬ ಸರಿ, ಬೀಜ?

ಏಳನೇ ಹುರಿಯಿಂದ ಹತ್ತನೆಯದರ ತನಕ ಅದೇ ಲೆಕ್ಕ, ಅದೇ ಉರಿ. ಆದರೂ ಒಂದು ಸಲ ಚೆನ್ನಾಗಿ ಬಂದರೆ ಇನ್ನೊಂದು ಸಲ ಮುಗ್ಗಲು ವಾಸನೆ, ಹಳೇ ಗೋಣಿಚೀಲ ಮೂಸಿದ ಹಾಗೆ. ಡಬ್ಬದ್ದೇ ತಪ್ಪು ಅಂತ ಮತ್ತೆ ಬಿಚ್ಚಿ ತೊಳೆದೆ. ಮಾವನಿಗೆ ಫೋನ್ ಮಾಡಿ ಹೇಳಿದರೆ, "ಯಾವ ಚೀಲದ್ದು ಹುರಿದೆ ಕಣಮ್ಮ?" ಅಂತ ಕೇಳಿದರು. ನನ್ನ ಹತ್ತಿರ ಎರಡು ಚೀಲ ಇದ್ದವು. ಎರಡೂ ಒಂದೇ ತೋಟದ್ದು, ಒಂದೇ ತಳಿ, ಎಸ್ 795. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ತಳಿ ಅದು, ಎಲೆ ತುಕ್ಕು ರೋಗವನ್ನು ತಕ್ಕಮಟ್ಟಿಗೆ ತಡೆಯುತ್ತದೆ ಅಂತ ನಮ್ಮ ಕಡೆ ತುಂಬ ಜನ ಹಾಕಿದ್ದಾರೆ. ಆದರೆ ಒಂದು ಚೀಲ ಪಲ್ಪ್ ಮಾಡಿ, ಅಂದರೆ ಹಣ್ಣಿನ ಹೊರಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್, ಬೀಜದ ಮೇಲೆ ಒಳಗಿನ ತೆಳು ಸಿಪ್ಪೆ ಮಾತ್ರ ಉಳಿದದ್ದು. ಇನ್ನೊಂದು ಹಣ್ಣನ್ನೇ ಕಣದಲ್ಲಿ ಹರಡಿ ಒಣಗಿಸಿದ ಚೆರ್ರಿ, ಕೊಯ್ಲಿನ ಹೊತ್ತಿಗೆ ಹಿಡಿದ ಮಳೆಯಲ್ಲಿ ನೆನೆದು, ಟಾರ್ಪಾಲ್ ಕೆಳಗೆ ಮೂರು ದಿನ ರಾಶಿಯಾಗಿ ಇದ್ದದ್ದು.

ಎರಡನ್ನೂ ಒಂದೇ ದಿನ, ಒಂದೇ ಲೆಕ್ಕದಲ್ಲಿ ಹುರಿದು ಎರಡು ಲೋಟದಲ್ಲಿ ಇಟ್ಟೆ. ಕುಡಿಯೋದೇ ಬೇಕಿರಲಿಲ್ಲ, ಮೂಸಿದರೇ ಸಾಕು. ತಪ್ಪು ಚೆರ್ರಿಯದ್ದಲ್ಲ. ಬಿಸಿಲು ಸರಿಯಾಗಿ ಸಿಕ್ಕಿ, ತೆಳುವಾಗಿ ಹರಡಿ, ದಿನಕ್ಕೆ ನಾಲ್ಕು ಸಲ ಕೈಯಾಡಿಸಿದ ಚೆರ್ರಿ ಬಲು ಸೊಗಸಾದ ಹಣ್ಣಿನ ರುಚಿ ಕೊಡುತ್ತದೆ. ಒದ್ದೆ ರಾಶಿಯಲ್ಲಿ ಮೂರು ದಿನ ಕೂತದ್ದು ತಪ್ಪು. ಆ ವಾಸನೆಯನ್ನು ಯಾವ ಹುರಿಯೂ ತೆಗೆಯಲ್ಲ, ಕಪ್ಪಗೆ ಸುಟ್ಟರೆ ಅಡಗುತ್ತದೆ ಅಷ್ಟೇ. ಅಂಗಡಿಯಲ್ಲಿ ಸಿಗೋ ಎಷ್ಟೋ ಪುಡಿ ಯಾಕೆ ಅಷ್ಟು ಕಪ್ಪಗೆ ಹುರಿದಿರುತ್ತಾರೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಡಿಸೆಂಬರ್ ಕೊನೆಗೆ ಕೊಯ್ಲಿಗೆ ಹೋಗಿ ಮಾವನ ಜೊತೆ ನಾನೂ ನಿಂತೆ. ಒಂದು ಬುಟ್ಟಿ ನಾನೇ ಆರಿಸಿ ಕೊಯ್ದೆ, ಕೆಂಪಗೆ ಪೂರ್ತಿ ಹಣ್ಣಾದದ್ದು ಮಾತ್ರ. ಇದು ಸುಲಭದ ಕೆಲಸ ಅಲ್ಲ. ಒಂದೇ ಗೊಂಚಲಲ್ಲಿ ಹಸಿರು, ಹಳದಿ, ಕೆಂಪು ಮೂರೂ ಇರುತ್ತವೆ, ಆಳು ಸಿಗೋದೇ ಕಷ್ಟ ಇರುವಾಗ ಮೂರು ನಾಲ್ಕು ಸಲ ಒಂದೇ ಗಿಡಕ್ಕೆ ಬರೋದು ಬೆಳೆಗಾರರಿಗೆ ಎಷ್ಟು ಭಾರ ಅಂತ ಅಲ್ಲಿ ನಿಂತಾಗ ಗೊತ್ತಾಯಿತು. ಅವತ್ತೇ ಸಂಜೆ ಪಲ್ಪರ್‌ಗೆ ಹಾಕಿ, ಲೋಳೆ ಸಮೇತ ತೊಟ್ಟಿಯಲ್ಲಿ ಒಂದೂವರೆ ದಿನ ಬಿಟ್ಟೆವು. ಮಾವ ಗಡಿಯಾರ ನೋಡಲ್ಲ. ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ಬೀಜ ಉಜ್ಜುತ್ತಾರೆ. ಜಾರಿದರೆ ಇನ್ನೂ ಆಗಿಲ್ಲ, ಹೊಳೆಯ ಜಲ್ಲಿಕಲ್ಲು ಉಜ್ಜಿದ ಹಾಗೆ ಗರಗರ ಅಂದರೆ ತೊಳೆಯೋ ಹೊತ್ತು. ಜಾಸ್ತಿ ಬಿಟ್ಟರೆ ಹುಳಿ ಹೋಗಿ ನಾತ ಶುರುವಾಗುತ್ತದೆ. ಆಮೇಲೆ ನೆಲದಿಂದ ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ಒಂಬತ್ತು ದಿನ ಒಣಗಿಸಿ, ಸಂಜೆ ಇಬ್ಬನಿ ಬೀಳೋ ಮೊದಲೇ ಮುಚ್ಚಿ, ಎರಡು ದಿನ ತೂಕ ಒಂದೇ ಬಂದಾಗ ನಿಲ್ಲಿಸಿದೆವು. ಮನೆಗೆ ಬೇಕಾದಷ್ಟನ್ನು ಒರಳಿನಲ್ಲಿ ಹಾಕಿ ಒನಕೆಯಿಂದ ಹಗುರವಾಗಿ ಕುಟ್ಟಿ ಸಿಪ್ಪೆ ಬಿಡಿಸಿದ್ದು. ಉಳಿದದ್ದು ಸಿಪ್ಪೆ ಸಮೇತ ಚೀಲದಲ್ಲಿ. ಸಿಪ್ಪೆಯೊಳಗೆ ಇದ್ದರೆ ಬೀಜ ಹೆಚ್ಚು ದಿನ ಚೆನ್ನಾಗಿರುತ್ತದೆ, ಯಾಕಂದ್ರೆ ಅದು ಬಿತ್ತನೆ ಬೀಜವೇ ಅಲ್ವಾ. ಬಾಬಾಬುಡನ್ ಯೆಮೆನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅನ್ನೋ ಕಥೆಯಲ್ಲೂ ಅವು ಹುರಿಯದ ಬೀಜ ಆಗಿದ್ದದ್ದೇ ಮುಖ್ಯ. ಹುರಿದದ್ದು ಮೊಳೆಯಲ್ಲ.

ಹೊಸ ಬೀಜದ ಮೊದಲ ಹುರಿ ಹದಿನಾಲ್ಕನೆಯದು. ಮೊರದಲ್ಲಿ ಹರಡಿ ನೋಡುವಾಗ ಆರಿಸಿ ಕೊಯ್ದ ಬೀಜಕ್ಕೂ ಹಳೇ ಚೀಲದ್ದಕ್ಕೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಹಳೇದರಲ್ಲಿ ಅಲ್ಲಲ್ಲಿ ಬಿಳಿಚಿಕೊಂಡ ಕಾಳು ಇರುತ್ತಿದ್ದವು, ಕಡಲೆಕಾಯಿ ಬಣ್ಣದವು, ಎಷ್ಟು ಹುರಿದರೂ ಕಂದಾಗದವು. ಹೊಸದರಲ್ಲಿ ಹುಡುಕಿದರೂ ಮೂರೋ ನಾಲ್ಕೋ. ಅವು ಹಸಿರಿರುವಾಗಲೇ ಕಿತ್ತ ಕಾಯಿಯ ಬೀಜ. ಬಲಿಯದೇ ಇದ್ದದ್ದರಿಂದ ಒಳಗೆ ಸಕ್ಕರೆ ತುಂಬಿಲ್ಲ, ಸಕ್ಕರೆ ಇಲ್ಲದೆ ಕಂದಾಗೋದು ಯಾವುದು? ಹಳೇ ಚೀಲದ ಒಂದು ಹುರಿಯಿಂದ ಇಂಥ ಕಾಳು ಆರಿಸಿದೆ, 424 ಗ್ರಾಮಿನಲ್ಲಿ 11 ಗ್ರಾಂ. ಅವನ್ನು ಮಾತ್ರ ಅರೆದು ಕಾಫಿ ಮಾಡಿ ಒಂದು ಗುಟುಕು ಕುಡಿದೆ. ಕಡಲೆಕಾಯಿ ಸಿಪ್ಪೆ ನೆನೆಸಿದ ನೀರು, ನಾಲಿಗೆ ಒಗರು. ಆ 11 ಗ್ರಾಂ ಇಡೀ ಡಬ್ಬಿಯ ರುಚಿಯನ್ನು ಎಷ್ಟು ಮಂಕು ಮಾಡುತ್ತಿತ್ತು ಅಂತ, ಆರಿಸಿದ್ದು ಆರಿಸದ್ದು ಪಕ್ಕಪಕ್ಕ ಇಟ್ಟು ಕುಡಿದಾಗ ತಿಳಿಯಿತು. ಈಗ ಪ್ರತಿ ಸಲ ಹತ್ತು ನಿಮಿಷ ಕೂತು ಆರಿಸುತ್ತೇನೆ. ಖರ್ಚಿಲ್ಲದ ಕೆಲಸ, ನೀವು ಅಂಗಡಿಯಿಂದ ಹುರಿದ ಬೀಜ ತಂದರೂ ಮಾಡಬಹುದು.

ರೊಬಸ್ಟಾ ಬಗ್ಗೆಯೂ ಹೇಳಬೇಕು, ಯಾಕಂದ್ರೆ ಅದನ್ನು ಕೀಳಾಗಿ ನೋಡೋದು ನನಗೆ ಹಿಡಿಸಲ್ಲ. ಅರೇಬಿಕಾಗಿಂತ ಸಕ್ಕರೆ ಕಮ್ಮಿ, ಎಣ್ಣೆ ಕಮ್ಮಿ, ಕೆಫೀನು ಹೆಚ್ಚುಕಮ್ಮಿ ಎರಡು ಪಟ್ಟು, ಹಾಗಾಗಿ ಕಹಿ ಮುಂದೆ ಬರುತ್ತದೆ. ಆದರೆ ಹಾಲಿನ ಕಾಫಿಗೆ ಆ ಕಹಿಯೇ ಬೆನ್ನೆಲುಬು. ನೂರಕ್ಕೆ 30 ತೊಳೆದ ರೊಬಸ್ಟಾ ಸೇರಿಸಿದ ಹುರಿ ನಮ್ಮ ಮನೇಲಿ ಎಲ್ಲರಿಗೂ ಹಿಡಿಸಿತು. ಎರಡನ್ನೂ ಬೇರೆ ಬೇರೆ ಹುರಿದು ಆಮೇಲೆ ಬೆರೆಸಿ. ಒಟ್ಟಿಗೆ ಹಾಕಿದರೆ ಒಂದಕ್ಕೆ ಹದ ಬರುವ ಹೊತ್ತಿಗೆ ಇನ್ನೊಂದರ ಹದ ತಪ್ಪಿರುತ್ತದೆ.

ಪುಡಿ, ಫಿಲ್ಟರ್, ಚಿಕೋರಿ

ಹುರಿದ ದಿನವೇ ಕುಡಿಯೋ ಆಸೆ ಎಲ್ಲರಿಗೂ ಇರುತ್ತದೆ. ಅವತ್ತು ಬೀಜದೊಳಗೆ ಅನಿಲ ತುಂಬಿರುತ್ತದೆ, ಬಿಸಿನೀರು ಹಾಕಿದ ಕೂಡಲೇ ಪುಡಿ ಉಬ್ಬಿ ನೊರೆ ಎದ್ದು ನೀರು ಪುಡಿಯೊಳಗೆ ಸರಿಯಾಗಿ ಇಳಿಯಲ್ಲ. ರುಚಿ ಚುರುಕಾಗಿ, ಚೂಪಾಗಿ ಇರುತ್ತದೆ. ನಾಲ್ಕನೇ ದಿನಕ್ಕೆ ದುಂಡಗಾಯಿತು, ಹತ್ತನೇ ದಿನದ ತನಕ ಹಾಗೇ ಇತ್ತು, ಇಪ್ಪತ್ತಕ್ಕೆ ಸಪ್ಪೆ. ಬೀಜವಾಗಿ ಇಟ್ಟರೆ ಈ ಲೆಕ್ಕ. ಪುಡಿ ಮಾಡಿದರೆ ಎರಡು ದಿನದಲ್ಲೇ ಅರ್ಧ ಘಮ ಹೋಗಿರುತ್ತದೆ.

ಮಿಕ್ಸಿಯಲ್ಲಿ ಪುಡಿ ಮಾಡಿದರೆ ಒಂದು ಪಾಲು ಹಿಟ್ಟು, ಒಂದು ಪಾಲು ರವೆ. ಹಿಟ್ಟಿನಿಂದ ಎಲ್ಲ ಇಳಿದು ಕಹಿ, ರವೆಯಿಂದ ಏನೂ ಇಳಿಯದೆ ಹುಳಿ, ಎರಡೂ ಒಂದೇ ಲೋಟಕ್ಕೆ. ಕೈಯಲ್ಲಿ ತಿರುಗಿಸೋ ಗ್ರೈಂಡರ್ ತೆಗೆದುಕೊಂಡೆ. ಈ ಇಡೀ ಕೆಲಸದಲ್ಲಿ ನಾನು ಹೊಸದಾಗಿ ದುಡ್ಡು ಕೊಟ್ಟು ತಂದ ದುಬಾರಿ ವಸ್ತು ಅದೊಂದೇ, ಆ ದುಡ್ಡು ದಂಡ ಆಗಲಿಲ್ಲ. ಪುಡಿಯನ್ನು ಬೆರಳಲ್ಲಿ ಉಜ್ಜಿದರೆ ಚಿರೋಟಿ ರವೆಗಿಂತ ಒಂದು ಚೂರು ನುಣುಪು ಇರಬೇಕು, ನಮ್ಮ ಫಿಲ್ಟರಿಗೆ ಅದೇ ಹದ.

ಆ ಫಿಲ್ಟರಿನದೂ ಒಂದು ರಿಪೇರಿ. ಅಜ್ಜಿಯದೇ ಹಿತ್ತಾಳೆ ಫಿಲ್ಟರು. ಡಿಕಾಕ್ಷನ್ ಇಳಿಯಲು ಒಂದೂವರೆ ಗಂಟೆ ತೆಗೆದುಕೊಳ್ಳುತ್ತಿತ್ತು, ಅಷ್ಟರಲ್ಲಿ ತಣ್ಣಗಾಗಿ ಕಹಿ ಆಗುತ್ತಿತ್ತು. ಮೇಲಿನ ಪಾತ್ರೆಯನ್ನು ಕಿಟಕಿಗೆ ಹಿಡಿದು ನೋಡಿದರೆ ಅರ್ಧಕ್ಕೂ ಹೆಚ್ಚು ತೂತಿನಲ್ಲಿ ಬೆಳಕೇ ಇಲ್ಲ. ನಿಂಬೆಹುಳಿ ಪುಡಿ ಹಾಕಿದ ಬಿಸಿನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹಲ್ಲುಜ್ಜೋ ಬ್ರಷ್ಷಿನಿಂದ ತಿಕ್ಕಿ, ಉಳಿದ ತೂತನ್ನು ಒಂದೊಂದಾಗಿ ಸೂಜಿಯಿಂದ ಬಿಡಿಸಿದೆ. ಸೂಜಿಯನ್ನು ಒತ್ತಿ ತೂತು ದೊಡ್ಡದು ಮಾಡಬೇಡಿ, ಆಮೇಲೆ ಪುಡಿಯೂ ಇಳಿಯುತ್ತದೆ. ಒಳಗೆ ಕಲಾಯಿ ಹೋಗಿತ್ತು, ಅದನ್ನೂ ಹಾಕಿಸಿದೆ. ಹಿತ್ತಾಳೆಗೆ ಕಲಾಯಿ ಇಲ್ಲದೆ ಡಿಕಾಕ್ಷನ್ ಇಡಬಾರದು, ಕಾಫಿಯ ಹುಳಿ ಅದನ್ನು ತಿನ್ನುತ್ತದೆ. ಈಗ 40 ಗ್ರಾಂ ಪುಡಿಗೆ 200 ಮಿಲಿಲೀಟರ್ ನೀರು, 20 ನಿಮಿಷಕ್ಕೆ ಇಳಿಯುತ್ತದೆ. ನೀರು ಕುದಿ ಬಂದು ಇಳಿಸಿದ ಅರ್ಧ ನಿಮಿಷಕ್ಕೆ ಹಾಕುತ್ತೇನೆ.

ಚಿಕೋರಿ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಕೆಫೀನು ಇರಲ್ಲ. ಬಣ್ಣ, ಮಂದ, ಸುಟ್ಟ ಬೆಲ್ಲದಂಥ ರುಚಿ ಕೊಡುತ್ತದೆ. ಮಿಶ್ರಣದ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಮ್ಮಿ ಇರಬಾರದು ಅಂತ ಕಾನೂನಿದೆ, ಉಳಿದ 49 ಚಿಕೋರಿ ಇದ್ದರೂ ನಡೆಯುತ್ತದೆ ಅಂತಲೇ ಅದರ ಅರ್ಥ. ಪ್ಯಾಕೆಟ್ಟಿನ ಹಿಂದೆ ಬರೆದಿರುತ್ತದೆ, ಓದಿ. ಅಜ್ಜಿ ಹಾಕುತ್ತಿದ್ದದ್ದು ಐದಕ್ಕೆ ಒಂದು ಪಾಲು ಅಂತ ಅಮ್ಮ ಹೇಳಿದರು. ಅದನ್ನು ಕೇಳಿದ ಮೇಲೇ ನಾನು ಹುಡುಕುತ್ತಿದ್ದ ರುಚಿಯಲ್ಲಿ ಒಂದು ಪಾಲು ಬೇರಿನದು ಅಂತ ಗೊತ್ತಾಗಿದ್ದು. ಆರಿಸಿ ಕೊಯ್ದ ಬೀಜಕ್ಕೆ ಅಷ್ಟು ಬೇಡ ಅನ್ನಿಸಿತು, ನೂರಕ್ಕೆ ಹತ್ತಕ್ಕೆ ನಿಲ್ಲಿಸಿದ್ದೇನೆ. ಬರೀ ಡಿಕಾಕ್ಷನ್ ಕುಡಿಯೋವಾಗ ಹಾಕೋದೇ ಇಲ್ಲ.

ಕರೆಂಟ್ ಹೋದದ್ದು 22ನೇ ಹುರಿಯಲ್ಲಿ, 9ನೇ ನಿಮಿಷಕ್ಕೆ. ಪಿನ್ ಎಳೆದು ಹಿಡಿ ಸಿಕ್ಕಿಸಿ ತಿರುಗಿಸಿದೆ. ಮೀಟರು ಬ್ಯಾಟರಿಯದ್ದು, ಹಾಗಾಗಿ ಅಂಕಿ ಕಾಣುತ್ತಿತ್ತು. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದವರು 207ಕ್ಕೆ "ಸಾಕು, ಇಳಿಸು" ಅಂದರು, ನಾನು ಲೆಕ್ಕದ ಪ್ರಕಾರ 212ಕ್ಕೇ ಇಳಿಸಿದೆ. ಮಾರನೇ ದಿನ ಇನ್ನೊಂದು ಹುರಿ ಹಾಕಿ 207ಕ್ಕೆ ಇಳಿಸಿದೆ. ನಾಲ್ಕು ದಿನ ಬಿಟ್ಟು ಎರಡನ್ನೂ ಮಾಡಿದೆ. ಹಾಲು ಹಾಕದೆ ಕುಡಿದರೆ ಅಮ್ಮ ಹೇಳಿದ್ದೇ ಸರಿ, 207ರದ್ದರಲ್ಲಿ ಕಿತ್ತಳೆ ಸಿಪ್ಪೆಯ ಹುಳಿ, ಹೊಸ ಬೆಲ್ಲದ ಸಿಹಿ ಎರಡೂ ಉಳಿದಿದ್ದವು. ಹಾಲು ಹಾಕಿದರೆ 212ರದ್ದೇ ಗಟ್ಟಿ, 207ರದ್ದು ಹಾಲಿನಲ್ಲಿ ಮುಳುಗಿಹೋಯಿತು. ಅಮ್ಮ ಎರಡೂ ಲೋಟ ಖಾಲಿ ಮಾಡಿ, "ಅಜ್ಜಿ ಕಾಪಿ ಇಷ್ಟು ಹುಳಿ ಇರ್ಲಿಲ್ಲ, ಆದ್ರೆ ವಾಸ್ನೆ ಅದೇ" ಅಂದರು.

24ನೇ ಹುರಿ ನಿನ್ನೆ ಆಯಿತು, 210ಕ್ಕೆ ಇಳಿಸಿದ್ದು, 425 ಗ್ರಾಂ. ಡಬ್ಬಿಯ ಮೇಲೆ ತಾರೀಕು ಬರೆದಿಟ್ಟಿದ್ದೇನೆ, ನಾಲ್ಕು ದಿನ ಮುಟ್ಟಲ್ಲ. ಮುಂದಿನ ಕೆಲಸ ಎರಡು: ಹೊಟ್ಟು ಬರ್ನರಿಗೆ ಬೀಳದ ಹಾಗೆ ಕೆಳಗೊಂದು ಓರೆ ತಗಡು, ಮತ್ತೆ ಬಾಗಿಲಿನ ಜಾರುಪಟ್ಟಿ ಬಿಸಿಗೆ ಬಿಗಿಯಾಗುತ್ತಿದೆ, ಅರ್ಧ ಮಿಲಿಮೀಟರ್ ಅರ ಹಾಕಿ ಉಜ್ಜಬೇಕು.